‘ನಮ್ಮ ಜನವೇ ಹೀಗೆ’ ಅನ್ನುವ ಮೊದಲು

ಪ್ರಶ್ನೆ: ನಾನು ನದಿ ಬಯಲಿನ ಕೆಲವು ಊರುಗಳಲ್ಲಿ ಪ್ರವಾಹದ ಮುನ್ನೆಚ್ಚರಿಕೆ ಕೊಡುವ ಸ್ವಯಂಸೇವಕರ ತಂಡದಲ್ಲಿದ್ದೇನೆ. ಐದು ವರ್ಷದಲ್ಲಿ ಎರಡು ಸಲ ನೀರು ಹಿರಿಯರೂ ಕಾಣದಷ್ಟು ಮೇಲೆ ಬಂತು. ಎರಡನೇ ಸಲ ಮೊಬೈಲಿಗೆ ಸಂದೇಶ ಕಳಿಸಿದೆವು, ಗಾಡಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿದೆವು. ಆದರೂ ಅರ್ಧ ಜನ ಮನೆ ಬಿಟ್ಟು ಕದಲಲಿಲ್ಲ. ನಮ್ಮ ತಂಡದ ಒಬ್ಬರು ‘ಇದು ಇಲ್ಲಿನ ಸಂಸ್ಕೃತಿ, ಎಲ್ಲ ಹಣೆಬರಹ ಅಂತ ಕೂರುವ ಜನ’ ಅನ್ನುತ್ತಾರೆ. ಇನ್ನೊಬ್ಬರು ‘ಹಿರಿಯರಿಗೆ ನದಿ ಗೊತ್ತು, ನಾವು ತಲೆ ಹಾಕಬಾರದು’ ಅನ್ನುತ್ತಾರೆ. ತರಬೇತಿಯಲ್ಲಿ ನೆದರ್ಲೆಂಡ್ಸ್‌ನ ವಿಡಿಯೊ ತೋರಿಸಿ ‘ಶಿಸ್ತು ಅಂದರೆ ಇದು ನೋಡಿ’ ಅಂದರು. ಹವಾಮಾನ ಬದಲಾವಣೆಯನ್ನು ಒಂದೊಂದು ಕಡೆಯ ಜನ ಒಂದೊಂದು ಥರ ಎದುರಿಸುವುದು ನಿಜಕ್ಕೂ ಸಂಸ್ಕೃತಿಯಿಂದಲಾ? ಹಾಗಿದ್ದರೆ ನಾವು ಮಾಡುವುದಕ್ಕೆ ಏನಾದರೂ ಉಳಿದಿದೆಯಾ? ಈ ಮಳೆಗಾಲಕ್ಕೆ ಸಾವಿರ ಪೋಸ್ಟರ್ ಮುದ್ರಿಸುವ ಯೋಚನೆ ಇದೆ. ಸರಿಯೇ?

ಉತ್ತರ: ನಿಮ್ಮ ತಂಡದ ಇಬ್ಬರ ಮಾತಿನಲ್ಲೂ ಒಂದೊಂದು ಚೂರು ನಿಜ ಇದೆ. ಅದಕ್ಕೇ ಆ ಮಾತುಗಳಿಗೆ ಇಷ್ಟು ಆಯಸ್ಸು. ಆದರೆ ಎರಡರಲ್ಲಿ ಯಾವುದನ್ನು ನಂಬಿದರೂ ಕೊನೆಗೆ ನೀವು ಕೈಕಟ್ಟಿ ಕೂರಬೇಕಾಗುತ್ತದೆ. ಜನ ಬದಲಾಗುವುದೇ ಇಲ್ಲ ಅಂದಮೇಲೆ ಹೇಳಿ ಏನು ಪ್ರಯೋಜನ? ಜನರಿಗೆ ಎಲ್ಲ ಗೊತ್ತಿದೆ ಅಂದಮೇಲೂ ಅಷ್ಟೇ ಅಲ್ವಾ? ನಿಮ್ಮ ಪತ್ರದಲ್ಲಿ ಬರೆಯದೇ ಬಿಟ್ಟ ಚಿಂತೆ ಇನ್ನೊಂದಿದೆ ಅಂತ ನನಗನ್ನಿಸಿತು. ಮುಂದಿನ ಸಲ ನೀರು ಬಂದಾಗ ಯಾರಾದರೂ ಸತ್ತರೆ, ಅದು ಅವರು ಕೇಳದೇ ಇದ್ದದ್ದಕ್ಕಾ, ನಾವು ಸರಿಯಾಗಿ ಹೇಳದೇ ಇದ್ದದ್ದಕ್ಕಾ?

ನಾನು ಎಂಜಿನಿಯರ್ ಅಲ್ಲ. ವಿಪತ್ತು ಬಂದಾಗ ಜನ ಏನು ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ ಅಂತ ಕೇಳಿ ಬರೆದುಕೊಳ್ಳುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಶುರುವಿನಲ್ಲಿ ನಾನೂ ‘ಸಂಸ್ಕೃತಿ’ ಅನ್ನುವ ಪದವನ್ನು ಧಾರಾಳವಾಗಿ ಬಳಸುತ್ತಿದ್ದೆ. ವರದಿ ಬರೆಯುವಾಗ ಕಾರಣ ಹೊಳೆಯದಿದ್ದರೆ ಆ ಪದ ತುಂಬಾ ಉಪಕಾರ ಮಾಡುತ್ತದೆ.

ಆ ಚಟ ಬಿಡಿಸಿದ್ದು ಒಬ್ಬರು ಅಜ್ಜಿ. ನದಿ ಉಕ್ಕಿ ದೋಣಿ ಅವರ ಬಾಗಿಲಿಗೇ ಬಂದಿತ್ತು. ಅವರು ಹತ್ತಲಿಲ್ಲ. ನೀರು ಇಳಿದ ಮೇಲೆ ಮಾತಾಡಿಸಲು ಹೋದೆ. ಯಾಕೆ ಹೋಗಲಿಲ್ಲ ಅಂತ ಕೇಳಿದ್ದಕ್ಕೆ ಬಾಯಲ್ಲಿ ಏನೂ ಹೇಳದೆ ಬಾಗಿಲ ಚೌಕಟ್ಟಿನ ಹತ್ತಿರ ಕರೆದುಕೊಂಡು ಹೋದರು. ಮರದ ಮೇಲೆ ಮೊಳೆಯಿಂದ ಗೀಚಿದ ಒಂದು ಗೆರೆ ಇತ್ತು. ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ. ‘ಇದು ನಮ್ಮ ಮಾವ ಗೀಚಿದ್ದು. ಅವರ ಕಾಲದ ದೊಡ್ಡ ನೀರು ಇಲ್ಲಿಗೇ ನಿಂತಿತ್ತು’ ಅಂದರು.

ನಾನು ಅಷ್ಟನ್ನೇ ಬರೆದುಕೊಂಡು ಎದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕುಡಿಯಲು ನೀರು ಕೊಟ್ಟರು, ಕೂತೆ. ಆಗ ಉಳಿದದ್ದು ಬಂತು. ಅದರ ಹಿಂದಿನ ಪ್ರವಾಹದಲ್ಲಿ ಅಜ್ಜಿ ಎಚ್ಚರಿಕೆ ಕೊಟ್ಟವರ ಮಾತು ಕೇಳಿ ಶಿಬಿರಕ್ಕೆ ಹೋಗಿದ್ದರು. ಹನ್ನೆರಡು ದಿನ ಬಿಟ್ಟು ಬಂದರೆ ಕೊಟ್ಟಿಗೆಯಲ್ಲಿ ಎರಡು ಹಸು ಇಲ್ಲ, ಒಳಗೆ ಪಾತ್ರೆಗಳಿಲ್ಲ. ಪರಿಹಾರದ ಪಟ್ಟಿ ಮಾಡಲು ಬಂದವರು ಬೀಗ ನೋಡಿ ‘ವಾಸ ಇಲ್ಲ’ ಅಂತ ಬರೆದುಕೊಂಡು ಹೋಗಿದ್ದರು. ಈ ಸಲ ನೀರು ಗೆರೆ ದಾಟಿ ಕಿಟಕಿ ಮುಟ್ಟಿತು. ಅಜ್ಜಿ ಎರಡು ರಾತ್ರಿ ಅಟ್ಟದ ಮೇಲೆ ಕಳೆದರು. ಹಣೆಬರಹದ ಮಾತು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ. ಅವರು ಲೆಕ್ಕ ಹಾಕಿದ್ದರು. ಅವರ ಕೈಯಲ್ಲಿದ್ದ ಅಂಕಿಗಳಿಗೆ ಆ ಲೆಕ್ಕ ಸರಿಯಾಗಿಯೂ ಇತ್ತು.

ಹೊರಗಿನಿಂದ ಬಂದವರು ‘ಇಲ್ಲಿನ ಸಂಸ್ಕೃತಿ’ ಅಂತ ಬರೆದುಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಇಂಥ ಎರಡು ನೆನಪುಗಳೇ ಇರುತ್ತವೆ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದು ಒಂದು. ಹಿಂದೆ ಮಾತು ಕೇಳಿದಾಗ ನಮಗೇನಾಯಿತು ಅನ್ನುವುದು ಇನ್ನೊಂದು. ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.

ಮೊದಲು ಆ ಹಣೆಬರಹದ ವಾದ. ಅದನ್ನು ಒರೆಗೆ ಹಚ್ಚುವುದಕ್ಕೆ ಬಾಂಗ್ಲಾದೇಶಕ್ಕಿಂತ ಒಳ್ಳೆಯ ಜಾಗ ಇಲ್ಲ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಬಂದಾಗ ಅದಿನ್ನೂ ಪೂರ್ವ ಪಾಕಿಸ್ತಾನ. ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. ದೇವರು ಮಾಡಿದ್ದು ಅಂತ ಸುಮ್ಮನಾಗುವ ಜನ ಅಂತ ಅವರ ಬಗ್ಗೆಯೂ ಹೇಳಿಬಿಡುವುದು ಸುಲಭವಿತ್ತು. 1972ರಲ್ಲಿ ರೆಡ್ ಕ್ರಾಸ್ ಮತ್ತು ಹೊಸ ದೇಶದ ಸರ್ಕಾರ ಸೇರಿ ಚಂಡಮಾರುತ ಸಿದ್ಧತೆಯ ಒಂದು ಕಾರ್ಯಕ್ರಮ ಶುರು ಮಾಡಿದವು. ಅದರಲ್ಲಿ ದೊಡ್ಡ ತಂತ್ರಜ್ಞಾನ ಏನೂ ಇರಲಿಲ್ಲ. ಊರಿನವರೇ ಸ್ವಯಂಸೇವಕರು. ಕೈಯಲ್ಲಿ ತಿರುಗಿಸುವ ಸೈರನ್, ಮೆಗಾಫೋನ್, ರೇಡಿಯೊ, ಕಂಬಕ್ಕೆ ಏರಿಸುವ ಬಾವುಟ. ಅಪಾಯ ಹೆಚ್ಚಿದ ಹಾಗೆ ಬಾವುಟದ ಸಂಖ್ಯೆಯೂ ಹೆಚ್ಚು. ಓದಲು ಬಾರದವರಿಗೂ ಎಣಿಸಲು ಬರುತ್ತದೆ.

ಎಲ್ಲ ತಕ್ಷಣ ಸರಿಹೋಗಲಿಲ್ಲ. 1991ರ ಏಪ್ರಿಲ್‌ನ ಚಂಡಮಾರುತದಲ್ಲಿ ಮತ್ತೆ ಸುಮಾರು 1,38,000 ಜನ ಸತ್ತರು. ಹರೆಯದ, ನಡುವಯಸ್ಸಿನ ಹೆಂಗಸರು ಅದೇ ವಯಸ್ಸಿನ ಗಂಡಸರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಪ್ರಮಾಣದಲ್ಲಿ ಸತ್ತಿದ್ದರು. ಎಚ್ಚರಿಕೆ ಬಹಳ ಜನರ ಕಿವಿಗೆ ಬಿದ್ದಿತ್ತು. ಆದರೆ ಮನೆಯ ಗಂಡಸು ಬರದೆ ಹೊರಡುವ ಹಾಗಿರಲಿಲ್ಲ. ಆಸರೆ ಕಟ್ಟಡಗಳೇ ಕಡಿಮೆ. ಇದ್ದವುಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಇಲ್ಲ, ಶೌಚಾಲಯ ಇಲ್ಲ. ಇದರಲ್ಲಿ ಸಂಸ್ಕೃತಿ ಇಲ್ಲವೇ? ಖಂಡಿತ ಇದೆ. ಆದರೆ ಅಲ್ಲಿನವರು ಅದನ್ನು ಹೇಗೆ ಬಿಡಿಸಿದರು ನೋಡಿ. ‘ಈ ಜನರ ಮನಸ್ಸು ಬದಲಾಗಲಿ, ಆಮೇಲೆ ನೋಡೋಣ’ ಅಂತ ಕೂರಲಿಲ್ಲ. ಕೋಣೆ ಬೇರೆ ಮಾಡಿದರು, ಹೆಂಗಸರನ್ನೇ ಸ್ವಯಂಸೇವಕರಾಗಿ ತೆಗೆದುಕೊಂಡರು, ದನಕರುಗಳಿಗೆ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಇವತ್ತು ಆ ಕಾರ್ಯಕ್ರಮದಲ್ಲಿ 70 ಸಾವಿರಕ್ಕೂ ಜಾಸ್ತಿ ಸ್ವಯಂಸೇವಕರಿದ್ದಾರೆ, ಸುಮಾರು ಅರ್ಧದಷ್ಟು ಹೆಂಗಸರು. 2007ರ ಸಿದ್ರ್ ಚಂಡಮಾರುತ ಬಲದಲ್ಲಿ ಕಡಿಮೆ ಏನಿರಲಿಲ್ಲ. ಸತ್ತವರು ಸುಮಾರು 3,400. ಅದೂ ಸಣ್ಣ ಸಂಖ್ಯೆಯಲ್ಲ, ನಿಜ. 2020ರ ಆಂಫಾನ್ ಹೊತ್ತಿಗೆ 20 ಲಕ್ಷಕ್ಕೂ ಜಾಸ್ತಿ ಜನ ಮೊದಲೇ ಜಾಗ ಬಿಟ್ಟಿದ್ದರು. ಸಾವು ಕೆಲವೇ ಹತ್ತುಗಳಲ್ಲಿ ನಿಂತಿತು.

ಒಂದು ಚಂಡಮಾರುತದ ಹಾಗೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಈ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ತೀರಾ ಗಟ್ಟಿಯಾದ ಮಾತು ಹೇಳಬಾರದು. ಆದರೂ ಐವತ್ತು ವರ್ಷದಲ್ಲಿ ಆ ಕರಾವಳಿಯ ಭಾಷೆ ಬದಲಾಗಲಿಲ್ಲ, ಧರ್ಮ ಬದಲಾಗಲಿಲ್ಲ. ಬದಲಾದದ್ದು ‘ಹೊರಟರೆ ಏನಾಗುತ್ತದೆ’ ಅನ್ನುವ ಪ್ರಶ್ನೆಗೆ ಸಿಗುವ ಉತ್ತರ.

ಇನ್ನು ಆ ನೆದರ್ಲೆಂಡ್ಸ್‌ನ ವಿಡಿಯೊ. ನಾನೂ ಅಂಥವನ್ನು ಎಷ್ಟೋ ನೋಡಿದ್ದೇನೆ. ದೊಡ್ಡ ಉಕ್ಕಿನ ಬಾಗಿಲುಗಳು ನಿಧಾನಕ್ಕೆ ಮುಚ್ಚಿಕೊಳ್ಳುತ್ತವೆ, ಹಿನ್ನೆಲೆಯಲ್ಲಿ ಸಂಗೀತ ಬರುತ್ತದೆ. ಅದನ್ನು ಶಿಸ್ತು ಅಂತ ತೋರಿಸುವವರು ಎಂಟುನೂರು ವರ್ಷದ ಕಥೆಯನ್ನು ನುಂಗಿಬಿಡುತ್ತಾರೆ. ಆ ದೇಶದ ಬಹುಪಾಲು ತಗ್ಗು ನೆಲವನ್ನು ಜನರೇ ನೀರು ಬಸಿದು ಮಾಡಿಕೊಂಡಿದ್ದು. ಬಸಿದ ನೆಲ ಕುಸಿಯುತ್ತದೆ. ಕುಸಿದಷ್ಟೂ ಒಡ್ಡು ಬೇಕು. ನಿಮ್ಮ ಜಮೀನಿನ ಮುಂದಿನ ಒಡ್ಡು ಎಷ್ಟೇ ಗಟ್ಟಿ ಇರಲಿ, ಪಕ್ಕದವನದು ಒಡೆದರೆ ನೀವೂ ಮುಳುಗಿದಿರಿ. ಹಾಗಾಗಿ 13ನೇ ಶತಮಾನದಲ್ಲೇ ಅಲ್ಲಿ ನೀರಿನ ಮಂಡಳಿಗಳು ಹುಟ್ಟಿದವು. ಅವಕ್ಕೆ ತಮ್ಮದೇ ತೆರಿಗೆ, ತಮ್ಮದೇ ಚುನಾವಣೆ. ಇವತ್ತಿಗೂ ಅಂಥ 21 ಮಂಡಳಿಗಳಿವೆ. ಅಕ್ಕಪಕ್ಕದವರ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಬೇರೆ ದಾರಿಯೇ ಇಲ್ಲದೆ ಕಲಿತ ಒಗ್ಗಟ್ಟು ಅದು.

ಅಷ್ಟಿದ್ದೂ 1953ರ ಜನವರಿ 31ರ ರಾತ್ರಿ ಸಮುದ್ರ ಉಕ್ಕಿದಾಗ ಅಲ್ಲಿ 1,836 ಜನ ಸತ್ತರು. ಒಡ್ಡುಗಳು ದುರ್ಬಲ ಅಂತ ಎಂಜಿನಿಯರ್‌ಗಳು ಮೊದಲೇ ಹೇಳಿದ್ದರು. ಯುದ್ಧ ಮುಗಿದ ಕಾಲ, ದುಡ್ಡು ಬೇರೆ ಕಡೆ ಹೋಗಿತ್ತು. ಶಿಸ್ತಿನ ದೇಶವೂ ಏಟು ಬಿದ್ದ ಮೇಲೆಯೇ ಎದ್ದಿತು. ನಿಮ್ಮ ವಿಡಿಯೊದಲ್ಲಿ ಕಾಣುವ ದೊಡ್ಡ ಬಾಗಿಲು ರೋಟರ್‌ಡಾಮ್ ಹತ್ತಿರದ್ದೇ ಆಗಿದ್ದರೆ, ಅದು ಮುಗಿದದ್ದು 1997ರಲ್ಲಿ.

ನನಗೆ ಆ ಬಾಗಿಲಿಗಿಂತ ಇಷ್ಟವಾದದ್ದು ಅಲ್ಲಿನ ನದಿಗಳ ಕಥೆ. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸಾಗಿಸಬೇಕಾಯಿತು. ಆಗ ಅವರು ಒಂದು ಮಾತು ಒಪ್ಪಿಕೊಂಡರು: ಒಡ್ಡನ್ನು ಎತ್ತರಿಸುತ್ತಾ ಹೋದರೆ ಕೊನೆಯೇ ಇಲ್ಲ, ಕೆಲವು ಕಡೆ ನದಿಗೇ ಜಾಗ ಬಿಟ್ಟುಕೊಡಬೇಕು. ಎಂಟುನೂರು ವರ್ಷ ನೀರನ್ನು ಹೊರಗಿಟ್ಟವರಿಗೆ ಈ ಮಾತು ಗಂಟಲಲ್ಲಿ ಇಳಿಯುವುದು ಸುಲಭ ಅಂದುಕೊಂಡಿರಾ? ಓವರ್‌ಡೀಪ್ಸೆ ಅನ್ನುವ ಕಡೆ ರೈತರ ಜಮೀನನ್ನು ನೀರಿಗೆ ಬಿಡಬೇಕಿತ್ತು. ರೈತರೇ ಒಂದು ಯೋಜನೆ ತಂದು ಮುಂದಿಟ್ಟರು. ಜಮೀನಿಗೆ ನೀರು ಬರಲಿ, ಮನೆ ಕೊಟ್ಟಿಗೆ ಮಾತ್ರ ಎತ್ತರದ ಮಣ್ಣಿನ ದಿಬ್ಬದ ಮೇಲಿರಲಿ. ಒಡ್ಡುಗಳು ಬರುವ ಮುಂಚೆ, ಸಾವಿರಾರು ವರ್ಷದ ಹಿಂದೆ, ಅಲ್ಲಿನ ಜನ ಬದುಕಿದ್ದು ಅಂಥ ದಿಬ್ಬಗಳ ಮೇಲೆಯೇ. ಮರೆತ ಹಳೆಯದನ್ನು ಹೊಸ ಕೆಲಸಕ್ಕೆ ತೆಗೆದುಕೊಂಡರು. ಎಲ್ಲರೂ ನಗುತ್ತಾ ಒಪ್ಪಲಿಲ್ಲ. ಕೆಲವರು ಊರು ಬಿಟ್ಟರು. ನೈಮೆಗನ್ ಊರಿನ ಎದುರು ದಡದಲ್ಲಿ ಒಡ್ಡನ್ನು ಹಿಂದೆ ಸರಿಸುವಾಗ ಮನೆ ಕಳೆದುಕೊಂಡವರು ವರ್ಷಗಟ್ಟಲೆ ವಿರೋಧಿಸಿದರು.

ಒಂದು ಕೊಸರು. ಅದೇ ದೇಶದಲ್ಲಿ ಸಾಮಾನ್ಯ ಮನೆಯವರು ಪ್ರವಾಹಕ್ಕೆ ತಮ್ಮದೇ ತಯಾರಿ ಮಾಡಿಕೊಳ್ಳುವುದು ಕಡಿಮೆ. ಸರ್ಕಾರ ನೋಡಿಕೊಳ್ಳುತ್ತದೆ ಅನ್ನುವ ನಂಬಿಕೆ ಅಷ್ಟು ಗಟ್ಟಿ. ನಂಬಿಕೆ ಇಲ್ಲದ ಕಡೆ ಜನ ಹೊರಡುವುದಿಲ್ಲ, ನಂಬಿಕೆ ಜಾಸ್ತಿಯಾದ ಕಡೆ ಗಂಟು ಕಟ್ಟುವುದಿಲ್ಲ.

‘ಹಿರಿಯರಿಗೆ ಗೊತ್ತು’ ಅನ್ನುವ ಮಾತಿಗೆ ನನಗೆ ಮೊದಲನೆಯದಕ್ಕಿಂತ ಜಾಸ್ತಿ ಗೌರವ ಇದೆ. ಪೆರು, ಬೊಲಿವಿಯಾದ ಬೆಟ್ಟದ ರೈತರು ಜೂನ್ ತಿಂಗಳ ಕೊನೆಯಲ್ಲಿ ನಸುಕಿಗೆ ಎದ್ದು ಕೃತ್ತಿಕೆ ನಕ್ಷತ್ರಪುಂಜ ನೋಡುತ್ತಾರೆ. ಅದು ಮಂಕಾಗಿ ಕಂಡರೆ ಆ ವರ್ಷ ಮಳೆ ತಡ ಅಂತ ಆಲೂಗಡ್ಡೆ ಬಿತ್ತನೆಯನ್ನು ಕೆಲವು ವಾರ ಮುಂದೆ ಹಾಕುತ್ತಾರೆ. ಮೂಢನಂಬಿಕೆ ಅನ್ನಿಸುತ್ತದೆ ಅಲ್ವಾ? 2000ದಲ್ಲಿ ವಿಜ್ಞಾನಿಗಳು ಇದರ ಗುಟ್ಟು ತೋರಿಸಿದರು. ಎಲ್ ನಿನೊ ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವುದು. ಅಂಥ ವರ್ಷಗಳಲ್ಲಿ ಆ ಹೊತ್ತಿಗೆ ತುಂಬಾ ಎತ್ತರದಲ್ಲಿ ತೆಳ್ಳನೆಯ ಮೋಡದ ಪರದೆ ಕಟ್ಟುತ್ತದೆ. ಬರಿಗಣ್ಣಿಗೆ ಮೋಡ ಕಾಣುವುದಿಲ್ಲ, ನಕ್ಷತ್ರ ಮಂಕಾಗುತ್ತದೆ. ಮುಂದೆ ಮಳೆ ಕೈಕೊಡುವುದು ಅದೇ ಎಲ್ ನಿನೊದಿಂದ. ರೈತರು ಶತಮಾನಗಳಿಂದ ಹವಾಮಾನವನ್ನೇ ಓದುತ್ತಿದ್ದರು.

ಇಂಡೊನೇಷ್ಯಾದ ಸಿಮೆಲೂ ದ್ವೀಪದ ವಿಷಯ ಹವಾಮಾನದ್ದಲ್ಲ, ಸುನಾಮಿಯದು. ಆದರೂ ಇಲ್ಲಿಗೆ ಸೇರುತ್ತದೆ. 1907ರ ಸುನಾಮಿಯ ನೆನಪನ್ನು ಅಲ್ಲಿನವರು ಹಾಡು, ಕಥೆಯಲ್ಲಿ ಇಟ್ಟುಕೊಂಡಿದ್ದರು. ನೆಲ ಅಲ್ಲಾಡಿ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತು, ಇಷ್ಟೇ ಮಾತು. 2004ರಲ್ಲಿ ಸುಮಾರು 78 ಸಾವಿರ ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರದಲ್ಲಿ ಯಂತ್ರದ ಎಚ್ಚರಿಕೆಗೆ ಸಮಯವೇ ಇರಲಿಲ್ಲ.

ಹಾಗಾದರೆ ಹಿರಿಯರ ಮಾತೇ ಸಾಕಲ್ಲ ಅಂದರೆ, ಸಾಲದು. ಸಿಮೆಲೂವಿನ ನೆನಪು ‘ಇಂಥದ್ದು ಕಂಡರೆ ಓಡು’ ಅನ್ನುತ್ತದೆ. ಅಜ್ಜಿಯ ಬಾಗಿಲ ಗೆರೆ ‘ಇಲ್ಲಿಯವರೆಗೆ ಮಾತ್ರ’ ಅನ್ನುತ್ತದೆ. ಮೊದಲನೆಯದು ಏನು ಮಾಡಬೇಕು ಅಂತ ಹೇಳುವ ನೆನಪು, ಎರಡನೆಯದು ಮಿತಿ ಹೇಳುವ ನೆನಪು. ಹವಾಮಾನ ಬದಲಾಗುವಾಗ ಮೊದಲು ಸುಳ್ಳಾಗುವುದು ಎರಡನೆಯದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಸುರಿಯುವಾಗ ಅದು ಒಂದೇ ಸಲಕ್ಕೆ ಸುರಿಯುತ್ತದೆ. ಮಾವ ಗೀಚಿದ ಗೆರೆ ಅವರ ಕಾಲದ ಆಕಾಶಕ್ಕೆ ಸರಿಯಾಗಿತ್ತು. ನಿಮ್ಮ ಊರಿನ ಹಿರಿಯರು ದಡ್ಡರಲ್ಲ. ಅವರ ಪಾಠದ ಪುಸ್ತಕ ಹಳೆಯದಾಗಿದೆ, ಅದೂ ಅವರ ತಪ್ಪಿಲ್ಲದೆ.

ಇನ್ನೊಂದು ಎಚ್ಚರ. ‘ಈ ಜನರಿಗೆ ಈ ಜಾಗದ ಮೇಲೆ ಅಷ್ಟೊಂದು ವ್ಯಾಮೋಹ’ ಅನ್ನುವ ಮಾತು ಬಂದಾಗ, ಅವರು ಆ ಜಾಗಕ್ಕೆ ಬಂದದ್ದು ಯಾವಾಗ ಅಂತ ಕೇಳಿ. ಅಲಾಸ್ಕಾದ ನ್ಯೂಟಾಕ್ ಅನ್ನುವ ಹಳ್ಳಿಯ ನೆಲ ಹೆಪ್ಪು ಕರಗಿ ನದಿಗೆ ಕುಸಿಯುತ್ತಿತ್ತು. ಅಲ್ಲಿನ ಯುಪಿಕ್ ಜನ ಹಿಂದೆ ಒಂದೇ ಕಡೆ ನೆಲೆ ನಿಂತವರಲ್ಲ. ಋತು ನೋಡಿ ಜಾಗ ಬದಲಿಸುತ್ತಿದ್ದರು. 1950ರ ದಶಕದಲ್ಲಿ ಸರ್ಕಾರ ಅಲ್ಲಿ ಶಾಲೆ ಕಟ್ಟಿತು. ಸಾಮಾನಿನ ದೋಣಿ ನದಿಯಲ್ಲಿ ಅದಕ್ಕಿಂತ ಮೇಲೆ ಹೋಗುತ್ತಿರಲಿಲ್ಲ, ಅದಕ್ಕೇ ಆ ಜಾಗ. ಮಕ್ಕಳು ಶಾಲೆಗೆ ಬರಬೇಕು ಅಂತ ಹಿರಿಯರೂ ಅಲ್ಲೇ ನಿಂತರು. ಅಪಾಯದ ಜಾಗವನ್ನು ಆರಿಸಿದ್ದು ಶಾಲೆಯ ಸಾಮಾನು! ಊರನ್ನು ನದಿಯ ಆಚೆಯ ಎತ್ತರದ ಜಾಗಕ್ಕೆ ಸಾಗಿಸಬೇಕು ಅಂತ ಜನರೇ 1990ರ ದಶಕದಲ್ಲಿ ತೀರ್ಮಾನಿಸಿದರು. ಮೊದಲ ಮನೆಗಳವರು ಹೋಗಿ ಸೇರಿದ್ದು 2019ರಲ್ಲಿ. ತಡವಾದದ್ದು ವ್ಯಾಮೋಹದಿಂದಲ್ಲ. ಒಂದು ಇಡೀ ಊರನ್ನು ಸಾಗಿಸುವ ಖರ್ಚು ಯಾವ ಇಲಾಖೆಯ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಸಂಸ್ಕೃತಿಯನ್ನು ದೂರುವ ಚಟ ಇತಿಹಾಸಕಾರರಿಗೂ ಇತ್ತು. ಉತ್ತರ ಯುರೋಪಿನ ಮೂಲದ ನಾರ್ಸ್ ಜನ ಗ್ರೀನ್‌ಲ್ಯಾಂಡ್‌ನಲ್ಲಿ ಮಾಡಿಕೊಂಡಿದ್ದ ನೆಲೆಗಳು 15ನೇ ಶತಮಾನದ ಹೊತ್ತಿಗೆ ಬರಿದಾದವು. ಚಳಿ ಹೆಚ್ಚಿದರೂ ಹಟ ಹಿಡಿದು ದನ ಸಾಕುತ್ತಾ, ಸಮುದ್ರದ ಆಹಾರ ಮುಟ್ಟದೆ ಸತ್ತರು ಅಂತ ಬಹಳ ದಿನ ಹೇಳುತ್ತಿದ್ದರು. ಮೂಳೆಗಳನ್ನು ಪರೀಕ್ಷೆ ಮಾಡಿದಾಗ ಕಂಡದ್ದು ಉಲ್ಟಾ. ತಲೆಮಾರು ಕಳೆದ ಹಾಗೆ ಅವರ ಊಟದಲ್ಲಿ ಸಮುದ್ರದ ಪಾಲು, ಮುಖ್ಯವಾಗಿ ಸೀಲ್ ಮಾಂಸ, ಜಾಸ್ತಿಯಾಗುತ್ತಲೇ ಹೋಗಿತ್ತು. ಬದಲಾಗಿದ್ದರು, ಆದರೂ ಉಳಿಯಲಿಲ್ಲ.

ಈಗ ಪೋಸ್ಟರ್ ವಿಷಯ. ಪೋಸ್ಟರ್ ಹಿಂದೆ ಒಂದು ನಂಬಿಕೆ ಇದೆ: ತಿಳಿದರೆ ಮಾಡುತ್ತಾರೆ. ನಾರ್ವೆಯಷ್ಟು ಓದಿದ ದೇಶ ಇನ್ನೊಂದು ಬೇಕೇ? 2000–01ರ ಚಳಿಗಾಲದಲ್ಲಿ ಕಾರಿ ನಾರ್ಗಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ ಅಲ್ಲಿನ ಒಂದು ಊರಿನಲ್ಲಿದ್ದರು. ಆ ವರ್ಷ ಹಿಮ ತಡವಾಗಿ ಬಿತ್ತು, ಕೆರೆ ಸರಿಯಾಗಿ ಹೆಪ್ಪುಗಟ್ಟಲಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಆದರೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತಿದರೆ ಭಯ, ಅಸಹಾಯಕತೆ, ಜೊತೆಗೆ ತೈಲದಿಂದ ಬಂದ ತಮ್ಮ ಸಿರಿತನದ ಮುಜುಗರ. ತಿಳಿಯದೆ ಸುಮ್ಮನಿದ್ದವರಲ್ಲ ಅವರು, ತಿಳಿದೂ ಸುಮ್ಮನಿದ್ದವರು. ಅಮೆರಿಕದ ಟೆಕ್ಸಸ್‌ನಲ್ಲಿ ಇದರ ಉಲ್ಟಾ. ಅದು ತೈಲದ ನಾಡು, ಹವಾಮಾನ ಬದಲಾವಣೆ ಅಂದರೆ ಮುಖ ತಿರುಗಿಸುವವರು ಅಲ್ಲಿ ಬಹಳ. ಆದರೆ ಆ ದೇಶದಲ್ಲಿ ಗಾಳಿಯಿಂದ ಅತಿ ಹೆಚ್ಚು ವಿದ್ಯುತ್ ಮಾಡುವುದು ಅದೇ ರಾಜ್ಯ. ಜಮೀನಿನಲ್ಲಿ ಗಾಳಿಯಂತ್ರ ನೆಟ್ಟರೆ ಜಮೀನಿನವರಿಗೆ ಬಾಡಿಗೆ ಬರುತ್ತದೆ, ಅಷ್ಟೇ. ಒಪ್ಪುವುದಕ್ಕೂ ಮಾಡುವುದಕ್ಕೂ ನಡುವೆ ನಾವು ಅಂದುಕೊಂಡಷ್ಟು ನಂಟಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ನನಗೆ ಕಾಣುವ ದಾರಿಗಳನ್ನು ಹೇಳುತ್ತೇನೆ. ಯಾವುದೂ ಪುಕ್ಕಟೆ ಅಲ್ಲ.

ನಾನಾದರೆ ಮೊದಲು ಮಾಡುವುದು ಹೊರಡದವರ ಮನೆಗೆ ಹೋಗುವುದು. ಹೊರಟವರ ಮನೆಗಲ್ಲ. ‘ಯಾಕೆ ಹೊರಡಲಿಲ್ಲ’ ಅಂತ ಕೇಳಬೇಡಿ, ಅದು ತಪ್ಪು ಹುಡುಕಲು ಬಂದ ಹಾಗೆ ಕೇಳಿಸುತ್ತದೆ. ‘ಹಿಂದೊಮ್ಮೆ ಹೊರಟಾಗ ಏನಾಗಿತ್ತು’ ಅಂತ ಕೇಳಿ. ಉತ್ತರಗಳು ಎಷ್ಟು ಬೇರೆ ಬರುತ್ತವೆ ನೋಡಿ. ಒಬ್ಬರಿಗೆ ಹಸು, ಒಬ್ಬರಿಗೆ ಹಾಸಿಗೆ ಹಿಡಿದ ತಾಯಿ, ಒಬ್ಬರಿಗೆ ಜಮೀನಿನ ಪತ್ರ, ಇನ್ನೊಬ್ಬರಿಗೆ ಶಿಬಿರದಲ್ಲಿ ಯಾರ ಪಕ್ಕ ಮಲಗಬೇಕಾಯಿತು ಅನ್ನುವುದು. ಇದರಲ್ಲಿರುವ ಅಪಾಯ ಒಂದೇ. ಕೇಳಿ ಏನೂ ಮಾಡದಿದ್ದರೆ ಕೇಳದೇ ಇದ್ದದ್ದಕ್ಕಿಂತ ಕೆಟ್ಟದ್ದು. ನಿಮ್ಮ ಕೈಲಾಗುವ ಎರಡು ಮೂರು ವಿಷಯವನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ. ದನಗಳಿಗೆ ಎತ್ತರದ ಜಾಗ ಗೊತ್ತು ಮಾಡಬಹುದು. ಖಾಲಿಯಾದ ಬೀದಿಗೆ ರಾತ್ರಿ ಕಾವಲು ಇಡಬಹುದು. ಬೀಗ ಹಾಕಿದ ಮನೆಗಳ ಪಟ್ಟಿಯನ್ನು ಅವತ್ತೇ ಬರೆದು ಮನೆಯವರಿಂದ ಸಹಿ ಹಾಕಿಸಿಕೊಂಡು, ಪರಿಹಾರ ಕೊಡುವವರಿಗೂ ಒಂದು ಪ್ರತಿ ತಲುಪಿಸಬಹುದು. ಈ ಕೊನೆಯದಕ್ಕೆ ದುಡ್ಡಿನ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಅಜ್ಜಿಗೆ ಅದೊಂದು ಸಿಕ್ಕಿದ್ದರೆ ಅವರು ದೋಣಿ ಹತ್ತುತ್ತಿದ್ದರು ಅಂತ ನನ್ನ ನಂಬಿಕೆ.

ಹಳೆಯ ಗೆರೆಗಳನ್ನು ಅಳಿಸಬೇಡಿ. ಅವುಗಳ ಪಕ್ಕದಲ್ಲೇ ಹೊಸ ಗೆರೆ ಎಳೆಯಿರಿ: ನೀರು ಮೇಲೆ ಬಂದ ಆ ಎರಡೂ ಸಲದ್ದು, ಇಸವಿ ಸಮೇತ. ಶಾಲೆಯ ಗೋಡೆ, ಅಂಗಡಿಯ ಕಂಬ, ಜನ ದಿನಾ ನೋಡುವ ಜಾಗ. ಮುನ್ಸೂಚನೆ ಹೇಳುವಾಗ ‘ನದಿ ಹನ್ನೊಂದು ಮೀಟರ್ ತಲುಪಲಿದೆ’ ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. ‘ನೀರು ಶಾಲೆಯ ಕಿಟಕಿಯವರೆಗೆ ಬರಬಹುದು’ ಅಂದರೆ ಎದುರಿಗೆ ಕಾಣುತ್ತದೆ. ಅಪಾಯ ಏನೆಂದರೆ, ಹೊಸ ಗೆರೆಯೂ ನಾಳೆ ‘ಇಲ್ಲಿಯವರೆಗೆ ಮಾತ್ರ’ ಆಗಿಬಿಡುತ್ತದೆ. ಅದಕ್ಕೆ ಪ್ರತಿ ಗೆರೆಯ ಮೇಲೆ ಒಂದು ಬಾಣ ಬರೆಯಿರಿ, ಮೇಲಕ್ಕೆ ತೋರಿಸುವ ಹಾಗೆ. ಇನ್ನು ಮನೆ ಮಾರುವ ಯೋಚನೆ ಇರುವವರು ಗೆರೆ ನೋಡಿ ಸಿಟ್ಟಾಗುತ್ತಾರೆ. ರಾತ್ರೋರಾತ್ರಿ ಸುಣ್ಣ ಬಳಿದದ್ದನ್ನೂ ನೋಡಿದ್ದೇನೆ.

ಮೈಕಿನ ದನಿ ಯಾರದು ಅನ್ನುವುದನ್ನೂ ಯೋಚಿಸಿ. ನಿಮ್ಮ ಗಾಡಿ ಹೊರಗಿನದು, ನಿಮ್ಮ ಮಾತಿನ ಧಾಟಿಯೂ ಹೊರಗಿನದಿರಬಹುದು. ಪ್ರತಿ ಬೀದಿಗೆ ಆ ಬೀದಿಯವರೇ ಇಬ್ಬರು ಇರಲಿ, ಒಬ್ಬರು ಹೆಂಗಸು. ಆದರೆ ‘ಊರಿನವರ ಮೂಲಕ’ ಅನ್ನುವುದರಲ್ಲಿ ದೊಡ್ಡ ಗುಂಡಿ ಇದೆ. ಊರು ಅಂದರೆ ಒಂದೇ ಅಲ್ಲ. ದೊಡ್ಡ ಮನೆಯವರನ್ನು ಹಿಡಿದರೆ ಅವರ ಜೊತೆ ಮಾತು ಬಿಟ್ಟವರಿಗೆ ಸುದ್ದಿ ಕೊನೆಗೆ ತಲುಪುತ್ತದೆ. ತಲುಪಿದರೂ ನಂಬುವುದಿಲ್ಲ. ಬಾಡಿಗೆಗೆ ಇರುವವರು, ಕೂಲಿಗೆ ಬಂದು ನಿಂತವರು, ಇವರು ಯಾರ ಪಟ್ಟಿಯಲ್ಲಿದ್ದಾರೆ? ನಿಮ್ಮ ಪಟ್ಟಿಯನ್ನು ಕೊನೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ.

ಸುಳ್ಳು ಎಚ್ಚರಿಕೆಯ ಭಯ ನಿಮಗೂ ಇದ್ದೇ ಇರುತ್ತದೆ. ತೋಳ ಬಂತು ತೋಳ ಅಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ನನ್ನ ಅನುಭವದಲ್ಲಿ ನೀರು ಬರಲಿಲ್ಲ ಅಂತ ಜನ ಅಷ್ಟಾಗಿ ಬೇಸರ ಮಾಡಿಕೊಳ್ಳುವುದಿಲ್ಲ. ಬರಲಿಲ್ಲ ಅಂತ ಯಾರೂ ಬಂದು ಹೇಳಲಿಲ್ಲವಲ್ಲ, ಅದಕ್ಕೆ ಬೇಸರ. ತಪ್ಪಿದ ಮರುದಿನವೇ ಅದೇ ಗಾಡಿ, ಅದೇ ಮೈಕು ಹಿಡಿದು ಹೋಗಿ. ನದಿಯ ಮೇಲಿನ ಕಡೆ ಮಳೆ ಕಡಿಮೆಯಾಯಿತು, ಅದಕ್ಕೆ ನೀರು ಇಷ್ಟಕ್ಕೇ ನಿಂತಿತು, ಹೊರಟದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಿ ಬನ್ನಿ.

‘ಹವಾಮಾನ ಬದಲಾವಣೆ’ ಅನ್ನುವ ಪದ ಬಳಸಬೇಕಾ ಬೇಡವಾ? ಎಚ್ಚರಿಕೆ ಕೊಡುವ ರಾತ್ರಿ ಬೇಡ, ಅವತ್ತು ದಾರಿ ಮತ್ತು ಸಮಯ ಹೇಳಿದರೆ ಸಾಕು. ಬೇರೆ ದಿನಗಳಲ್ಲಿ ಹೇಳಬೇಕು. ಹೇಳದಿದ್ದರೆ ಪ್ರತಿ ಪ್ರವಾಹವನ್ನೂ ಜನ ‘ಈ ಸಲ ಹೀಗಾಯಿತು’ ಅಂತ ಬಿಟ್ಟುಬಿಡುತ್ತಾರೆ, ಮನೆಯ ತಳಪಾಯ ಎತ್ತರಿಸುವ ಯೋಚನೆಯೇ ಬರುವುದಿಲ್ಲ.

ಊರನ್ನೇ ಸ್ಥಳಾಂತರ ಮಾಡುವುದರ ಬಗ್ಗೆ ನೀವು ಕೇಳಿಲ್ಲ. ಆದರೆ ಮೂರನೇ ಸಲ ನೀರು ಬಂದರೆ ಆ ಮಾತು ಯಾರಾದರೂ ಎತ್ತುತ್ತಾರೆ. ಫಿಜಿಯ ವುನಿಡೊಗೊಲೊವಾ ಹಳ್ಳಿ ಸಮುದ್ರ ಏರಿ ಬಂದದ್ದರಿಂದ 2014ರಲ್ಲಿ ಸುಮಾರು ಎರಡು ಕಿಲೋಮೀಟರ್ ಒಳಗೆ ಹೋಯಿತು. ಅದು ಸಾಧ್ಯವಾದದ್ದಕ್ಕೆ ದೊಡ್ಡ ಕಾರಣ, ಹೊಸ ಜಾಗವೂ ಅವರ ಕುಲದ ನೆಲವೇ ಆಗಿತ್ತು. ಅಲ್ಲಿನ ಭಾಷೆಯಲ್ಲಿ ‘ವನುವಾ’ ಅನ್ನುವ ಒಂದೇ ಪದ ನೆಲ, ಅಲ್ಲಿನ ಜನ, ಹಿಂದಿನವರು, ನಡವಳಿಕೆ ಎಲ್ಲವನ್ನೂ ಹೇಳುತ್ತದೆ. ಬೇರೆಯವರ ವನುವಾಕ್ಕೆ ಹೋಗಿ ನಿಲ್ಲುವುದು ಮನೆ ಬದಲಿಸಿದ ಹಾಗಲ್ಲ. ಅಲ್ಲೂ ಕಷ್ಟ ಇಲ್ಲದೆ ಏನಿಲ್ಲ. ಮೀನು ಹಿಡಿಯುವವರಿಗೆ ಸಮುದ್ರ ದೂರವಾಯಿತು. ಸ್ಥಳಾಂತರ ಕೊನೆಯ ದಾರಿ. ಅದನ್ನು ಊರಿನವರೇ ಎತ್ತುವವರೆಗೆ ನೀವು ಎತ್ತಬೇಡಿ. ನೀವು ಎತ್ತಿದರೆ ನಾಳೆಯಿಂದ ನಿಮ್ಮ ಎಚ್ಚರಿಕೆಯ ಹಿಂದೆಯೂ ಜಾಗ ಖಾಲಿ ಮಾಡಿಸುವ ಹುನ್ನಾರ ಇದೆ ಅಂತ ಅನುಮಾನ ಶುರುವಾಗುತ್ತದೆ.

ಸಾವಿರ ಪೋಸ್ಟರ್ ಇನ್ನೂ ಮುದ್ರಣಕ್ಕೆ ಹೋಗಿಲ್ಲದಿದ್ದರೆ ನೂರಕ್ಕೆ ಇಳಿಸಿ, ಉಳಿದ ದುಡ್ಡಿಗೆ ಬಣ್ಣ, ಕುಂಚ, ರಾತ್ರಿ ಕಾವಲಿನವರಿಗೆ ಟಾರ್ಚು ತಗೊಳ್ಳಿ. ಮುದ್ರಣ ಆಗಿಹೋಗಿದ್ದರೆ ಚಿಂತೆ ಬೇಡ, ಹಿಂಬದಿ ಖಾಲಿ ಇರುತ್ತದಲ್ಲ. ಅಲ್ಲಿ ಆ ಬೀದಿಯ ಇಬ್ಬರ ಹೆಸರು, ದನ ಕಟ್ಟುವ ದಿಬ್ಬಕ್ಕೆ ಹೋಗುವ ದಾರಿ, ಬೀಗದ ಪಟ್ಟಿ ಬರೆಯುವವರ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದು, ಆ ಬದಿಯೇ ಮುಂದೆ ಕಾಣುವ ಹಾಗೆ ಅಂಟಿಸಿ.